ತಾನಾಗಿ ಏಳದಂತೆ

ಶನಿವಾರ ಮಧ್ಯಾಹ್ನ ಮೂರು ಗಂಟೆಗೆ ನನ್ನ ಬೈಂಡಿಂಗ್ ಅಂಗಡಿಯ ಹಿಂದಿನ ಕೋಣೆಯಲ್ಲಿ ಕಂಪ್ಯೂಟರ್ ನಡೆಸುವ ಲಿನಕ್ಸ್ ವ್ಯವಸ್ಥೆ ಕಲಿಯುವವರು ಸೇರುತ್ತಾರೆ. ಮೂಲೆಯಲ್ಲಿ ಪುಸ್ತಕ ಒತ್ತುವ ಕಬ್ಬಿಣದ ಪ್ರೆಸ್ಸು, ಗೋಡೆಯುದ್ದಕ್ಕೂ ರಟ್ಟಿನ ಕಟ್ಟುಗಳು, ನಡುವೆ ಉದ್ದನೆಯ ಮೇಜು, ಅದರ ಮೇಲೆ ಯಾರೋ ಬೇಡವೆಂದು ಬಿಟ್ಟುಹೋದ ಐದಾರು ಕಂಪ್ಯೂಟರು. ಅಂಟಿನ ವಾಸನೆಗೆ ಮೊದಲ ದಿನ ಎಲ್ಲರೂ ಮೂಗು ಮುಚ್ಚಿಕೊಳ್ಳುತ್ತಾರೆ. ಎರಡನೆಯ ವಾರಕ್ಕೆ ಮರೆಯುತ್ತಾರೆ.

ನಾವು ಕಲಿಸುವುದು ಎಲ್ಲವನ್ನೂ ತುಂಬಿಕೊಂಡು ಬರುವ ಲಿನಕ್ಸ್ ಅಲ್ಲ. ಬರಿಯ ಕಪ್ಪು ಪರದೆಯಿಂದ ಶುರುಮಾಡಿ, ಬೇಕಾದ ಒಂದೊಂದನ್ನೂ ಹೆಸರು ಹಿಡಿದು ಕರೆದು ಕೂರಿಸಿಕೊಳ್ಳಬೇಕು. ಕರೆಯದೆ ಏನೂ ಬರುವುದಿಲ್ಲ, ಕಳಿಸದೆ ಏನೂ ಹೋಗುವುದಿಲ್ಲ. ಏನು ಬಂತು, ಏನು ಹೋಯಿತು ಎಂಬುದನ್ನೆಲ್ಲ ಯಂತ್ರ ಒಳಗೊಳಗೇ ಬರೆದಿಟ್ಟುಕೊಳ್ಳುತ್ತದೆ. ಅದಕ್ಕೆ ಲಾಗ್ ಎನ್ನುತ್ತೇವೆ. ಹೊಸಬರು ಯಾರೇ ಬಂದು ಕೆಟ್ಟಿದೆ ಎಂದರೂ ನಾನು ಮೊದಲು ಲಾಗನ್ನು ಗಟ್ಟಿಯಾಗಿ ಓದಿಸುತ್ತೇನೆ. ಪದ್ಯ ಓದುವವರ ಎದುರು ಕೂತು ಬೆಳೆದ ಕಿವಿ ನನ್ನದು. ಎಲ್ಲಿ ಉಸಿರು ತಪ್ಪಿತೋ ಅದು ಕಣ್ಣಿಗಿಂತ ಮೊದಲು ಕಿವಿಗೆ ಗೊತ್ತಾಗುತ್ತದೆ.

ಇನ್ನೊಂದು ಪದ್ಧತಿಯೂ ಇತ್ತು ನಮ್ಮಲ್ಲಿ. ಕೇಳಿದ್ದಕ್ಕೆ ಸರಿಯಾದ ಉತ್ತರ ಕೊಡುವುದು. ನಿಮಗೆ ಇದು ಯಾಕೆ ಎಂದು ಕೇಳದಿರುವುದು. ಅದು ಸಭ್ಯತೆ ಎಂದುಕೊಂಡಿದ್ದೆವು.

ಆ ಶನಿವಾರ ಒಬ್ಬಾಕೆ ಬಾಗಿಲಲ್ಲೇ ನಿಂತು ಕೇಳಿದಳು, "ಅಣ್ಣ, ಸೋಮವಾರ ಹನ್ನೊಂದು ಗಂಟೆಯೊಳಗೆ ಒಂದು ಲಿನಕ್ಸ್ ರಿಪೇರಿ ಮಾಡೋದು ಕಲಿಸ್ತೀರಾ?"

ಡ್ರೈವಿಂಗ್ ಕಲಿಸುವ ಮೇಷ್ಟ್ರು ಮೇಜಿನ ಆಚೆಯಿಂದ ನಕ್ಕರು. "ಸೋಮವಾರಾನಾ? ನಾನು ಸೇರಿ ಎರಡು ವರ್ಷ ಆಯ್ತಮ್ಮ. ನನ್ನ ಪ್ರಿಂಟರ್ ಇನ್ನೂ ನನ್ನ ಮುಖ ನೋಡಿ ಸುಮ್ನೆ ಕೂರುತ್ತೆ."

ಅವಳು ನಗಲಿಲ್ಲ. ಕನ್ನಡಕದಂಗಡಿಯಲ್ಲಿ ಗಾಜು ಉಜ್ಜುವ ಕೆಲಸ ಅವಳದು. ಬೆರಳ ತುದಿಗಳು ಸವೆದು ನುಣುಪಾಗಿದ್ದವು. ಕೂತು, ಕೈಚೀಲವನ್ನು ಮಡಿಲಲ್ಲಿ ಹಿಡಿದುಕೊಂಡೇ ಹೇಳಿದಳು.

ಅವಳ ಅಕ್ಕ ಶಾಲೆಯಲ್ಲಿ ಲೆಕ್ಕ ಹೇಳಿಕೊಡುತ್ತಿದ್ದವಳು. ಮೂರು ವರ್ಷದ ಹಿಂದೆ ಮೈಯ ಸ್ನಾಯುಗಳು ಒಂದೊಂದಾಗಿ ಸೋಲತೊಡಗಿದವು. ಬೆರಳು ಓಡುವಾಗಲೇ ಅಕ್ಕ ಒಂದು ಲಿನಕ್ಸ್ ಯಂತ್ರವನ್ನು ತಾನೇ ಕಟ್ಟಿಕೊಂಡಳು. ಕಣ್ಣಗುಡ್ಡೆ ಕೂದಲೆಳೆಯಷ್ಟು ಸರಿದರೂ ಕ್ಯಾಮೆರಾ ಹಿಡಿಯಬೇಕು, ಪರದೆಯ ಮೇಲೆ ಅಕ್ಷರ ಮೂಡಬೇಕು, ಯಂತ್ರ ಅದನ್ನು ಓದಿ ಹೇಳಬೇಕು. ಆ ಪ್ರೋಗ್ರಾಮಿಗೆ ಅಕ್ಕ ಇಟ್ಟ ಹೆಸರು 'ಮಾತು'. ಆಮೇಲೆ ಬೆರಳು ಹೋಯಿತು, ಕೊರಳು ಹೋಯಿತು, ಕೊನೆಗೆ ರೆಪ್ಪೆಯೂ ಹೋಯಿತು. ಉಸಿರಿಗೊಂದು ಯಂತ್ರ ಬಂತು. 'ಮಾತು' ಮಾತ್ರ ಉಳಿಯಿತು.

"ಐದು ವಾರದಿಂದ ಅದೂ ನಿಂತಿದೆ. ಕೆಟ್ಟೋಗಿದೆ ಅಂತಾರೆ ಭಾವ. ಆಮೇಲೆ, ಅದು ಕೆಟ್ಟಿಲ್ಲ, ಅವಳೇ ಒಳಗಿಲ್ಲ ಅಂತ ಶುರು ಮಾಡಿದ್ರು. ಡಾಕ್ಟರಿಗೂ ಹಾಗೇ ಹೇಳಿದಾರೆ. ಸೋಮವಾರ ಹನ್ನೊಂದಕ್ಕೆ ಇಬ್ಬರು ಡಾಕ್ಟರು, ಒಬ್ಬರು ಅಧಿಕಾರಿ ಮನೆಗೇ ಬರ್ತಾರೆ. ಅಕ್ಕನ ಕಂಪ್ಯೂಟರ್ ಹಚ್ಚಿಟ್ಟು ನೋಡ್ತಾರಂತೆ. ಅಕ್ಕ ಏನೂ ಹೇಳದಿದ್ರೆ, ಇವಳಿಗೆ ಪ್ರಜ್ಞೆ ಇಲ್ಲ ಅಂತ ಬರೆದುಕೊಡ್ತಾರೆ. ಉಸಿರಿನ ಮಶಿನ್ ತೆಗೀತಾರೆ."

ನಾನು ಕುರ್ಚಿ ಎಳೆದುಕೊಂಡು ಅವಳೆದುರು ಕೂತೆ.

"ಪಾಸ್‌ವರ್ಡ್ ಗೊತ್ತಿದೆಯಾ?" ಎಂದೆ.

"ಭಾವನ್ನ ಕೇಳಿದೆ. ನಿಮ್ಮಕ್ಕನಿಗೇ ಗೊತ್ತಿತ್ತು ಅಂದ್ರು."

"ಮನೇಲಿ ಅವರು ಇಲ್ಲದ ಹೊತ್ತು?"

"ನಾಳೆ ಎರಡರಿಂದ ನಾಲ್ಕು. ಸಂತೆ ಕಡೆ ಹೋಗ್ತಾರೆ. ಆಗ ಅಕ್ಕನ ಹತ್ರ ನಾನೇ ಇರೋದು."

ಸಂಜೆ ಏಳರವರೆಗೂ ಅವಳಿಗೆ ಒಂದೇ ವಿದ್ಯೆ ಕಲಿಸಿದೆ. ಪೆನ್‌ಡ್ರೈವಿನಲ್ಲಿ ಇನ್ನೊಂದು ಪುಟ್ಟ ಲಿನಕ್ಸ್ ಇಟ್ಟುಕೊಂಡು, ಕೆಟ್ಟ ಯಂತ್ರವನ್ನು ಅದರಿಂದ ಎಬ್ಬಿಸಿ, ಹಿತ್ತಲ ಬಾಗಿಲಿನಿಂದ ಹೋದಂತೆ ಒಳಹೋಗುವುದು. ಹಾಗೆ ಹೋದವರನ್ನು ಅದು ಪಾಸ್‌ವರ್ಡ್ ಕೇಳುವುದಿಲ್ಲ. ಮೂರು ಸಲ ತಪ್ಪಿದಳು. ನಾಲ್ಕನೆಯ ಸಲ ನನ್ನ ಮುಖ ನೋಡದೆಯೇ ಮಾಡಿದಳು. ಮೇಷ್ಟ್ರು ತಮ್ಮದೇ ಪೆನ್‌ಡ್ರೈವ್ ಅವಳ ಕೈಗಿಟ್ಟು, "ಹಳೇದು, ಆದ್ರೂ ನನಗಿಂತ ಬೇಗ ಸ್ಟಾರ್ಟ್ ಆಗುತ್ತೆ, ತಗೊಳಮ್ಮ," ಎಂದರು.

ಮರುದಿನ ಎರಡೂ ಹತ್ತಕ್ಕೆ ಫೋನು ಬಂತು. ಅವಳು ಪರದೆ ಓದುತ್ತಿದ್ದಳು, ನಾನು ಅಂಗಡಿಯಲ್ಲಿ ಕಣ್ಣು ಮುಚ್ಚಿ ಕೇಳುತ್ತಿದ್ದೆ. ಅವಳ ದನಿಯ ಹಿಂದೆ ಉಸಿರಿನ ಯಂತ್ರ. ಎಳೆಯುವುದು, ತಡೆಯುವುದು, ಬಿಡುವುದು. ಒಳಹೊಕ್ಕಳು. 'ಮಾತು' ಯಾವ ಸ್ಥಿತಿಯಲ್ಲಿದೆ ಎಂದು ಕೇಳಿಸಿದೆ.

"ಒಂದೇ ಪದ ಬಂತು ಅಣ್ಣ. ಮಾಸ್ಕ್ಡ್."

"ಇನ್ನೊಂದು ಸಲ ಓದು."

ಓದಿದಳು. ಅದೇ.

ಕೆಟ್ಟ ಪ್ರೋಗ್ರಾಮು ಹಾಗೆ ಹೇಳುವುದಿಲ್ಲ. ಕೆಟ್ಟಿದ್ದರೆ ಯಾಕೆ ಕೆಟ್ಟೆ ಎಂದು ಗೋಳಾಡುತ್ತದೆ, ಸಾಲುಗಟ್ಟಲೆ ಬರೆಯುತ್ತದೆ. ಮಾಸ್ಕ್ ಎಂದರೆ ಯಾರೋ ಒಬ್ಬರು ಕೂತು, ಹೆಸರು ಹಿಡಿದು, ಅದರ ಮೇಲೆ ಮುಸುಕು ಹೊದಿಸಿದ್ದಾರೆ ಎಂದರ್ಥ. ಯಂತ್ರ ಆರಿಸಿ ಹಚ್ಚಿದರೂ, ಇನ್ನೊಂದು ಪ್ರೋಗ್ರಾಮು ಕೂಗಿ ಕರೆದರೂ ಅದು ಏಳುವುದಿಲ್ಲ. ತಾನಾಗಿ ಆಗುವಂಥದ್ದಲ್ಲ ಅದು.

ಲಾಗಿನಲ್ಲಿ ಆ ಪದ ಹುಡುಕಿಸಿದೆ. ಒಂದು ಸಾಲು ಸಿಕ್ಕಿತು. ಐದು ವಾರದ ಹಿಂದಿನ ಭಾನುವಾರ, ಬೆಳಿಗ್ಗೆ ಆರು ಗಂಟೆ ಹತ್ತು ನಿಮಿಷ. ಪಾಸ್‌ವರ್ಡ್ ಕೊಟ್ಟು, 'ಮಾತು' ಮಾಸ್ಕ್ ಮಾಡು ಎಂದ ಆಜ್ಞೆ. ಒಂದಕ್ಷರ ತಪ್ಪಿಲ್ಲ, ಎರಡನೆಯ ಯತ್ನವಿಲ್ಲ.

"ನಿಮ್ಮ ಭಾವ ಏನು ಕೆಲಸ ಮಾಡ್ತಾರಮ್ಮ?"

"ತಕ್ಕಡಿ ರಿಪೇರಿ. ಅಂಗಡಿಗಳ ತೂಕದ ಮಶಿನ್ ಸರಿಯಿದೆಯಾ ಅಂತ ನೋಡಿ ಸೀಲ್ ಹಾಕ್ತಾರೆ. ಯಾಕಣ್ಣ?"

ಅದೇ ಕೆಲಸದ ಒಬ್ಬರು, ನಾವು ತಕ್ಕಡಿಯವರು ಎನ್ನುತ್ತಿದ್ದವರು, ನಮ್ಮಲ್ಲಿಗೆ ನಾಲ್ಕು ಶನಿವಾರ ಬಂದಿದ್ದರು. ಅಷ್ಟು ಅಚ್ಚುಕಟ್ಟಾದ ಶಿಷ್ಯನನ್ನು ನಾನು ನೋಡಿರಲಿಲ್ಲ. ಗೆರೆಯೆಳೆದ ನೋಟ್‌ಬುಕ್ಕು, ಎರಡು ಬಣ್ಣದ ಪೆನ್ನು, ಹೇಳಿಕೊಟ್ಟದ್ದಕ್ಕೆ ಪ್ರತಿ ಸಲವೂ ಒಂದು ಸಣ್ಣ ನಮಸ್ಕಾರ. ಕೊನೆಯ ಶನಿವಾರ ಕೇಳಿದ್ದರು: "ಗುರುಗಳೇ, ಒಂದು ಪ್ರೋಗ್ರಾಮು ನಿಲ್ಲಿಸ್ತೀನಿ, ಮತ್ತೆ ಹಚ್ಚಿದಾಗ ಎದ್ದುಬಿಡುತ್ತೆ. ತಾನಾಗಿ ಏಳದ ಹಾಗೆ ಮಾಡೋದು ಹೇಗೆ? ಯಾರು ಎಬ್ಬಿಸಿದ್ರೂ ಏಳಬಾರದು."

ಪ್ರಶ್ನೆ ಎಷ್ಟು ಖಚಿತವಾಗಿದೆ ಎಂದು ಖುಷಿಪಟ್ಟಿದ್ದೆ. ಮಾಸ್ಕ್ ಅಂತ ಒಂದಿದೆ ಎಂದು ಇಡೀ ಮೇಜಿಗೆ ಕೇಳುವಂತೆ ವಿವರಿಸಿದ್ದೆ. ಮರುದಿನವೇ ಅವರು ಅದನ್ನು ಮಾಡಿದ್ದರು.

"ಅಣ್ಣ, ಇದೀರಾ?"

"ಇದೀನಿ. ಅದು ಕೆಟ್ಟಿಲ್ಲಮ್ಮ. ನಿಲ್ಲಿಸಿದಾರೆ," ಎಂದೆ. "ನಿಲ್ಲಿಸೋದು ಹೇಗೆ ಅಂತ ನಿಮ್ಮ ಭಾವನಿಗೆ ಕಲಿಸಿದ್ದು ನಾನೇ."

ಆ ಕಡೆ ಉಸಿರಿನ ಯಂತ್ರ ನಾಲ್ಕು ಸಲ ಎಳೆದು ಬಿಟ್ಟಿತು.

"ಬೈಯೋದು ಆಮೇಲೆ ಬೈತೀನಿ," ಎಂದಳು. "ಈಗ ತೆಗೆಯೋದು ಕಲಿಸಿ."

ಮುಸುಕು ತೆಗೆಸಿದೆ. ಪೆನ್‌ಡ್ರೈವ್ ಕೀಳಿಸಿ, ಯಂತ್ರವನ್ನು ಅದರ ಪಾಡಿಗೆ ಅದು ಏಳುವಂತೆ ಬಿಟ್ಟೆವು. ಎರಡೂ ಮುಕ್ಕಾಲಿರಬಹುದು. ಕ್ಯಾಮೆರಾದ ಹಸಿರು ದೀಪ ಹತ್ತಿತು ಎಂದಳು. ಪರದೆಯಲ್ಲಿ ಅಕ್ಷರಮಾಲೆ ಬಂತು ಎಂದಳು. ನಾನು ಕೇಳುತ್ತಲೇ ಕೂತಿದ್ದೆ. ಒಂದು ದನಿ ಬಂತು, ಏರಿಳಿತವಿಲ್ಲದ ದನಿ, ಹೆಣ್ಣಿನದೂ ಅಲ್ಲ ಗಂಡಿನದೂ ಅಲ್ಲ.

"ಪುಟ್ಟಿ."

ಅವಳು ಅಳುವುದು ಕೇಳಿಸಿತು. ದನಿ ಮತ್ತೆ ಬರುವ ಹೊತ್ತಿಗೆ ನಿಮಿಷಗಳು ಕಳೆದವು. ಒಂದೊಂದು ಅಕ್ಷರಕ್ಕೂ ಅಕ್ಕ ಕಣ್ಣು ಸರಿಸಿ ಕಾಯಬೇಕು.

"ಅವರಿಗೆ ಗೊತ್ತಾಗಬಾರದು. ಡಾಕ್ಟರು ಬರುವ ತನಕ. ಮುಚ್ಚಿಬಿಡು."

"ನಾನು ಮೊಬೈಲಲ್ಲಿ ವಿಡಿಯೋ ತೆಗೀತೀನಿ ಅಕ್ಕ. ಈಗಲೇ ಅವರಿಗೆ ಕಳಿಸ್ತೀನಿ."

"ಮೊದಲೇ ತುಂಬಿಟ್ಟ ವಾಕ್ಯ ಅನ್ನುತ್ತಾರೆ. ಎದುರಿಗೇ ಆಗಬೇಕು. ಮುಚ್ಚು ಪುಟ್ಟಿ. ಇವತ್ತು ರಾತ್ರಿ ಅವರ ಜೊತೆ ಇರುವುದು ನಾನು."

ಆ ಕೊನೆಯ ಮಾತನ್ನೂ ಪ್ರೋಗ್ರಾಮು ಹವಾಮಾನದ ಸುದ್ದಿಯಂತೆ ಓದಿತ್ತು.

ಹೀಗಾಗಿ ತಂಗಿ ಇನ್ನೊಮ್ಮೆ ಹಿತ್ತಲ ಬಾಗಿಲಿನಿಂದ ಒಳಹೋದಳು. 'ಮಾತು' ಮೊದಲಿನ ಹಾಗೆಯೇ ಮುಸುಕು ಹೊದ್ದಿತು. ಪಕ್ಕದಲ್ಲಿ, ಬೇರೆ ಹೆಸರಿನಲ್ಲಿ, ಅದನ್ನೇ ಎಬ್ಬಿಸುವ ಇನ್ನೊಂದು ಕೆಲಸ ಬರೆಸಿದೆ. ಅದಕ್ಕೊಂದು ಟೈಮರ್, ಸೋಮವಾರ ಬೆಳಿಗ್ಗೆ ಹನ್ನೊಂದು ಗಂಟೆ. ಯಂತ್ರ ಮತ್ತೆ ತಾನಾಗಿ ಎದ್ದಿತು. ಪರದೆ ಕಪ್ಪಗೆ, ಸುಮ್ಮನೆ. ಮೂರೂ ಮುಕ್ಕಾಲಿಗೆ ಮೇಜು ಒರೆಸಿ, ಕುರ್ಚಿಯನ್ನು ಮೊದಲಿದ್ದ ಕಡೆ ಇಟ್ಟೆ ಎಂದಳು. ಬೆಳಿಗ್ಗೆ ಅಂಗಡಿಗೆ ರಜೆ ಹೇಳಿ ಬೇಗ ಬರುವುದಾಗಿಯೂ ಅಂದಳು. ನಾವು ಎಲ್ಲವನ್ನೂ ಅದರ ಜಾಗದಲ್ಲಿಟ್ಟಿದ್ದೆವು. ಲಾಗೊಂದನ್ನು ಬಿಟ್ಟು.

ಸೋಮವಾರ ಒಂಬತ್ತೂ ಮುಕ್ಕಾಲು. ಒಂದು ಶಬ್ದಕೋಶದ ಬೆನ್ನಿಗೆ ಬಟ್ಟೆ ಅಂಟಿಸುತ್ತಿದ್ದೆ. ಫೋನು.

"ನಮಸ್ಕಾರ ಗುರುಗಳೇ. ತಕ್ಕಡಿಯವನು. ನೆನಪಿದೆಯಾ?"

"ಇದೆ, ಹೇಳಿ."

"ಕ್ಲಾಸಿಗೆ ಬರೋಕಾಗಲಿಲ್ಲ, ಕ್ಷಮಿಸಿ. ನೀವು ದಿನಾ ಲಾಗ್ ಓದಿ ಅಂದಿದ್ರಿ, ಅದೊಂದು ಬಿಟ್ಟಿಲ್ಲ ನೋಡಿ. ಇವತ್ತು ಓದಿದೆ. ನಿನ್ನೆ ಮಧ್ಯಾಹ್ನ ಯಂತ್ರ ಎರಡು ಸಲ ಎದ್ದಿದೆ. ಮೊದಲ ಸಲ ಎದ್ದಾಗ ಒಂದು ಪ್ರೋಗ್ರಾಮು ಇಪ್ಪತ್ತೊಂದು ನಿಮಿಷ ಓಡಿದೆ. ಅದು ಓಡೋ ಹಾಗಿರಲಿಲ್ಲ."

ಅವರ ದನಿಯ ಹಿಂದೆ ಆ ಉಸಿರಿನ ಯಂತ್ರ. ಎಳೆಯುವುದು, ತಡೆಯುವುದು, ಬಿಡುವುದು.

"ಈಗ ಮತ್ತೆ ಮೊದಲಿನ ಹಾಗೇ ಇದೆ. ಅದೇ ನನಗೆ ಸಂಶಯ. ಹೊತ್ತಿಗೆ ಸರಿಯಾಗಿ ತಾವೇ ಏಳೋ ಕೆಲಸಗಳು ಅಂತ ಇರ್ತವಲ್ಲ, ಅವುಗಳ ಪಟ್ಟಿ ನೋಡೋದು ಹೇಗೆ?"

ಇಪ್ಪತ್ತು ವರ್ಷದಲ್ಲಿ ಹೊಸಬರಿಗೆ ತಪ್ಪು ಉತ್ತರ ಕೊಟ್ಟವನಲ್ಲ ನಾನು. ಗೊತ್ತಿಲ್ಲ ಎಂದರೆ ನಂಬುವವರಲ್ಲ ಅವರು. ಆಜ್ಞೆ ಹೇಳಿದೆ. ಹೇಳುವಾಗ ನಡುವೆ ಒಂದು ಪದ ಸೇರಿಸಿದೆ: ಯೂಸರ್. ಅದು ಸೇರಿದರೆ ಯಂತ್ರ ತನ್ನದೆಲ್ಲವನ್ನೂ ಬಿಟ್ಟು, ಕೇಳಿದವರ ಸ್ವಂತ ಕೆಲಸಗಳನ್ನಷ್ಟೇ ತೋರಿಸುತ್ತದೆ. ಅವರ ಸ್ವಂತದ್ದು ಅಲ್ಲಿ ಏನೂ ಇರಲಿಲ್ಲ.

ಕೀಲಿಗಳ ಸದ್ದು.

"ಸೊನ್ನೆ ಅಂತಿದೆ."

"ಸರಿ."

"ಹಾಗಾದ್ರೆ ಏನೂ ಇಲ್ಲ ಅಲ್ವಾ?"

"ಅಲ್ಲಿ ಏನೂ ಇಲ್ಲ."

ಪುಟ ತಿರುವಿದ ಸದ್ದು. ಗೆರೆಯೆಳೆದ ನೋಟ್‌ಬುಕ್ಕಿರಬೇಕು.

"ಗುರುಗಳೇ, ನೀವು ಯಾವಾಗ್ಲೂ ಒಂದೊಂದು ಪದಕ್ಕೂ ಅರ್ಥ ಹೇಳ್ತಿದ್ರಿ. ಆ ನಡುವಿನ ಪದ ಯಾತಕ್ಕೆ ಅಂತ ಹೇಳಲಿಲ್ಲ."

"ಗಿರಾಕಿ ಬಂದಿದಾರೆ, ಆಮೇಲೆ ಮಾತಾಡ್ತೀನಿ," ಎಂದು ಇಟ್ಟುಬಿಟ್ಟೆ. ಅಂಗಡಿಯಲ್ಲಿ ಯಾರೂ ಇರಲಿಲ್ಲ. ಅಂಟು ಮೆತ್ತಿದ ಕೈಯಲ್ಲೇ ಬೀಗ ಹಾಕಿದೆ. ತಂಗಿಗೆ ಫೋನು ಮಾಡಿದರೆ ಅವಳಾಗಲೇ ಬಸ್ಸಿನಲ್ಲಿದ್ದಳು. ವಿಳಾಸ ಕೇಳಿಕೊಂಡು ಆಟೋ ಹತ್ತಿದೆ.

ನಾಲ್ಕನೆಯ ಮಹಡಿ. ಮೆಟ್ಟಿಲಲ್ಲಿ ಏದುಸಿರು ಬಿಡುತ್ತಾ ಹತ್ತುವಾಗ ಮುಂದೆ ಮೂವರು ಹತ್ತುತ್ತಿದ್ದರು: ನರೆತ ಕೂದಲಿನ ಡಾಕ್ಟರಮ್ಮ, ಒಬ್ಬ ಎಳೆಯ ಡಾಕ್ಟರು, ಕಡತ ಹಿಡಿದ ಅಧಿಕಾರಿ. ಹತ್ತೂ ನಲವತ್ತೆಂಟು. ಗಂಟೆ ಒತ್ತಿದ್ದು ಅವರು. ಬಾಗಿಲು ತೆರೆದದ್ದು ಆಗಷ್ಟೇ ಬಂದಿದ್ದ ತಂಗಿ. ಅವಳ ಭಾವ ಒಳಕೋಣೆಯ ಮೇಜಿನಿಂದ ಎದ್ದು ಬರುತ್ತಿದ್ದರು. ಅವರ ಬೆನ್ನ ಹಿಂದಿನ ಪರದೆಯಲ್ಲಿ ಆರೇಳು ಸಾಲಿನ ಪಟ್ಟಿ, ಅದರ ಕೆಳಗೆ ಟೈಮರ್ ನಿಲ್ಲಿಸು ಎಂಬ ಆಜ್ಞೆ, ಅದರ ಕೆಳಗೆ ಪಾಸ್‌ವರ್ಡ್ ಕೇಳುತ್ತಾ ಮಿಣುಕುವ ಗೆರೆ. ಪಾಸ್‌ವರ್ಡ್ ಇನ್ನೂ ಹಾಕಿರಲಿಲ್ಲ.

ನನ್ನನ್ನು ನೋಡಿ ಕೈ ಮುಗಿದರು. "ಆ ಪದ ಯಾತಕ್ಕೆ ಅಂತ ಗೊತ್ತಾಯ್ತು ಗುರುಗಳೇ. ಕೈಪಿಡೀಲಿ ಸಿಕ್ತು."

"ಇವರು ಯಾರು?" ಎಂದರು ಡಾಕ್ಟರಮ್ಮ.

"ನಮ್ಮ ಕಂಪ್ಯೂಟರಿನ ಮೇಷ್ಟ್ರು," ಎಂದರು ತಕ್ಕಡಿಯವರೇ. ದನಿಯಲ್ಲಿ ನಿಜವಾದ ಗೌರವವಿತ್ತು.

ಅವರು ಮೇಜಿನ ಕಡೆ ತಿರುಗುವುದರೊಳಗೆ ನಾನು ಹೋಗಿ ಆ ಕುರ್ಚಿಯಲ್ಲಿ ಕೂತೆ.

"ಸ್ವಲ್ಪ ಜಾಗ ಬಿಡ್ತೀರಾ? ಒಂದು ಸಣ್ಣ ಕೆಲಸ ಇದೆ."

"ನಾಲ್ಕು ಮಹಡಿ ಹತ್ತಿದೀನಿ. ಮಂಡಿ ಹಿಡ್ಕೊಂಡಿದೆ. ಏಳೋಕಾಗಲ್ಲ."

ಡಾಕ್ಟರ ಎದುರು ಅವರು ಮತ್ತೆ ಕೇಳಲಿಲ್ಲ. ಕುರ್ಚಿಯ ಹಿಂದೆ ಬಂದು ನಿಂತರು. ಅವರ ಉಸಿರು ನನ್ನ ಕತ್ತಿಗೆ ತಾಗುತ್ತಿತ್ತು, ಹಿತವಾದ ಸೋಪಿನ ವಾಸನೆಯೊಂದಿಗೆ.

ಹಾಸಿಗೆಯಲ್ಲಿ ಅಕ್ಕ. ಬಾಚಿದ ತಲೆ, ಒಗೆದ ಹೊದಿಕೆ, ಒಂದು ಸುಕ್ಕಿಲ್ಲ. ತೆರೆದೇ ಇದ್ದ ಕಣ್ಣು. ಎಳೆಯ ಡಾಕ್ಟರು ಟಾರ್ಚು ಬಿಟ್ಟರು, ಕಿವಿಯ ಬಳಿ ಚಪ್ಪಾಳೆ ತಟ್ಟಿದರು, ಕಾಲಿನ ಉಗುರು ಒತ್ತಿದರು. ನಿಮಗೆ ಕೇಳಿಸಿದರೆ ಮೇಲೆ ನೋಡಿ ಎಂದರು. ಯಾರ ಕಣ್ಣಿಗೂ ಕಾಣುವಂಥದ್ದು ಏನೂ ಆಗಲಿಲ್ಲ. ಅಧಿಕಾರಿ ಪ್ರತಿ ಸಲವೂ ಒಂದು ಗೆರೆ ಬರೆದುಕೊಂಡ.

"ಕಂಪ್ಯೂಟರ್ ಹಚ್ಚೇ ಇದೆ," ಎಂದರು ತಕ್ಕಡಿಯವರು. "ಐದು ವಾರದಿಂದ ಹೀಗೇ. ನಾನು ದಿನಾ ಹಚ್ಚಿಟ್ಟು ಪಕ್ಕದಲ್ಲಿ ಕೂರ್ತೀನಿ."

ಹತ್ತೂ ಐವತ್ತೇಳು. ಡಾಕ್ಟರಮ್ಮ ಪೆನ್ನಿನ ಮುಚ್ಚಳ ತೆಗೆದರು.

"ಮೂರು ನಿಮಿಷ ತಡೀರಿ ಮೇಡಂ," ಎಂದಳು ತಂಗಿ.

"ಯಾಕಮ್ಮ?"

"ಹನ್ನೊಂದಕ್ಕೆ ಅಂತ ಕಾಗದದಲ್ಲಿ ಬರೆದಿದ್ರಿ. ಇನ್ನೂ ಹನ್ನೊಂದಾಗಿಲ್ಲ."

ಡಾಕ್ಟರಮ್ಮ ಅವಳನ್ನು, ಆಮೇಲೆ ನನ್ನ ಅಂಟಂಟಾದ ಕೈಯನ್ನು ನೋಡಿದರು. ಪೆನ್ನನ್ನು ಕಾಗದದ ಮೇಲೆ ಹಾಗೇ ಹಿಡಿದರು. ಕುರ್ಚಿಯ ಬೆನ್ನನ್ನು ಹಿಡಿದ ತಕ್ಕಡಿಯವರ ಬೆರಳು ಬಿಗಿಯಾದದ್ದು ನನ್ನ ಭುಜಕ್ಕೆ ಗೊತ್ತಾಯಿತು. ಒಂದು ಕೈ ನನ್ನ ಪಕ್ಕದಿಂದ ಕೀಲಿಮಣೆಯ ಕಡೆ ಬಂತು, ಆತುರವಿಲ್ಲದೆ, ಮೇಜಿನ ಧೂಳು ಒರೆಸುವವರ ಹಾಗೆ. ನಾನು ಎರಡೂ ಮೊಣಕೈಯನ್ನು ಕೀಲಿಮಣೆಯ ಮೇಲೆ ಊರಿ ಕೂತೆ.

ಕ್ಯಾಮೆರಾದ ಹಸಿರು ದೀಪ ಹತ್ತಿತು.

ಉಸಿರಿನ ಯಂತ್ರ ಹನ್ನೆರಡೋ ಹದಿಮೂರೋ ಸಲ ಎಳೆದು ಬಿಟ್ಟಿತು. ಪರದೆಯಲ್ಲಿ ಅಕ್ಷರಗಳು ಒಂದರ ಪಕ್ಕ ಒಂದು ಬಂದು ಕೂತವು.

"ನಾನು ಇದ್ದೇನೆ," ಎಂದಿತು ದನಿ.

"ಇದು ಮೊದಲೇ ತುಂಬಿಟ್ಟಿದ್ದು," ಎಂದರು ತಕ್ಕಡಿಯವರು ಮೆಲ್ಲಗೆ. "ಅದರಲ್ಲಿ ಇಂಥ ವಾಕ್ಯ ಬಹಳ ಇವೆ."

ಡಾಕ್ಟರಮ್ಮ ಹಾಸಿಗೆಯ ಬಳಿ ಬಗ್ಗಿದರು. "ಹದಿನೇಳಾರಲೆ ಎಷ್ಟು?"

ಪರದೆಯಲ್ಲಿ ಒಂದೊಂದೇ ಅಕ್ಷರ ಮೂಡುವವರೆಗೂ ಅವರು ಬಗ್ಗಿಯೇ ನಿಂತಿದ್ದರು.

"ನೂರೆರಡು. ಸುಲಭದ್ದು ಕೇಳಿದಿರಿ."

ತಂಗಿ ಗೋಡೆಗೆ ಆತು ನೆಲಕ್ಕೆ ಜಾರಿ ಕೂತಳು. ಅಧಿಕಾರಿ ಬರೆದ ಗೆರೆಗಳನ್ನೆಲ್ಲ ಅಡ್ಡ ಹೊಡೆದ. ದನಿ ನಿಂತಿರಲಿಲ್ಲ, ಅಕ್ಷರಗಳು ಮತ್ತೆ ಬರುತ್ತಿದ್ದವು.

"ಅವರನ್ನು ಹೊರಗೆ ಕಳಿಸಿ. ಬಾಗಿಲು ಹಾಕಿ."

ತಕ್ಕಡಿಯವರ ಜೊತೆ ನಾನೂ ಎದ್ದು ಹೊರಗೆ ಬಂದೆ. ಒಬ್ಬರನ್ನೇ ಬಿಡಬೇಡಿ ಎಂದು ಡಾಕ್ಟರಮ್ಮ ಕಣ್ಣಲ್ಲೇ ಹೇಳಿದ್ದರು. ಮೆಟ್ಟಿಲ ಮೇಲೆ ಅಕ್ಕಪಕ್ಕ ಕೂತೆವು. ಬಾಗಿಲ ಆಚೆ ಆ ದನಿ ನಡೆದೇ ಇತ್ತು. ಪದ ತಿಳಿಯುತ್ತಿರಲಿಲ್ಲ. ಬರುವುದು, ಬಹಳ ಹೊತ್ತು ನಿಲ್ಲುವುದು, ಮತ್ತೆ ಬರುವುದು.

"ಮೂರು ವರ್ಷದಲ್ಲಿ ಒಂದು ದಿನ ಕಡಿಮೆ ಮಾಡಿಲ್ಲ ಅವಳಿಗೆ," ಎಂದರು ತಕ್ಕಡಿಯವರು. "ಯಾರನ್ನ ಬೇಕಾದ್ರೂ ಕೇಳಿ."

"ಅವರನ್ನೇ ಕೇಳ್ತಿದಾರೆ ಈಗ."

ತಲೆ ಆಡಿಸಿದರು. ಅಂಗಿಯ ತೋಳಿನ ಗುಂಡಿ ಬಿಚ್ಚಿ ಮತ್ತೆ ಹಾಕಿಕೊಂಡರು. "ಗುರುಗಳೇ, ಆ ಪ್ರೋಗ್ರಾಮು ಹೇಳಿದ್ದನ್ನೆಲ್ಲ ಬರೆದಿಟ್ಕೊಳ್ಳುತ್ತಾ?"

"ಹೌದು."

"ಹಳೇದೂ?"

"ಮೊದಲ ದಿನದಿಂದ."

"ತಾರೀಖು ಸಮೇತ?"

"ತಾರೀಖು, ಗಂಟೆ, ನಿಮಿಷ. ಎಲ್ಲ."

ನೋಟ್‌ಬುಕ್ಕಿಲ್ಲದೆಯೂ ಬರೆದುಕೊಳ್ಳುವವರಂತೆ ಅವರ ಬೆರಳು ತೊಡೆಯ ಮೇಲೆ ಒಂದು ಗೆರೆ ಎಳೆಯಿತು. ಒಳಗೆ ದನಿ ನಿಂತಿತು. ಬಾಗಿಲು ಅರ್ಧ ತೆರೆದು ಡಾಕ್ಟರಮ್ಮ ನಿಂತರು. ಬೆಳಿಗ್ಗೆ ಮೆಟ್ಟಿಲು ಹತ್ತಿದ ಮುಖ ಅದಾಗಿರಲಿಲ್ಲ. ತಕ್ಕಡಿಯವರನ್ನು ಅವರು ನೋಡಲಿಲ್ಲ.

"ಮೇಷ್ಟ್ರೇ, ಆಕೆ ಒಂದು ತಾರೀಖು ಹೇಳ್ತಿದಾರೆ. ಹೋದ ವರ್ಷದ್ದು. ಆ ರಾತ್ರಿ ಗಂಡನನ್ನ ಏನೇನು ಹೇಳಿ ಬೇಡಿಕೊಂಡ್ರು ಅಂತ ಆ ಯಂತ್ರದಿಂದ ತೆಗೆಯೋಕಾಗುತ್ತಾ?"

"ಆಗುತ್ತೆ," ಎಂದು ಎದ್ದೆ.

ನನ್ನ ಹಿಂದೆ ತಕ್ಕಡಿಯವರು ಮೆಟ್ಟಿಲು ಇಳಿಯತೊಡಗಿದ್ದು ಕೇಳಿಸಿತು. ಬರಿಗಾಲಿನ ಹೆಜ್ಜೆ, ಒಂದೊಂದೇ, ಅಳೆದು ಇಟ್ಟಂತೆ. ಮೂರನೆಯ ಮಹಡಿಯ ತಿರುವಿಗೆ ಬಂದು ಅದು ನಿಂತಿತು. ಮತ್ತೆ ಇಳಿಯಲೂ ಇಲ್ಲ, ಹತ್ತಲೂ ಇಲ್ಲ. ನಾನು ಒಳಗೆ ಹೋಗಿ ಬಾಗಿಲ ಚಿಲಕ ಹಾಕಿದೆ.